ಓದುಗರ ಪ್ರಶ್ನೆ: ಇಂಟರ್‌ಪೋಲ್ ಯಾಕೆ ಬಂದು ಹಿಡಿಯಲ್ಲ?

ಪ್ರಶ್ನೆ: ರೆಡ್ ನೋಟಿಸ್ ಹೊರಡಿಸಿದರು ಅಂತ ಸುದ್ದಿ ಬರುತ್ತದೆ. ಆದರೂ ಆರೋಪಿ ಇನ್ನೊಂದು ದೇಶದಲ್ಲಿ ಆರಾಮಾಗಿ ಓಡಾಡಿಕೊಂಡಿರುತ್ತಾನೆ. ಇಂಟರ್‌ಪೋಲ್ ಪೊಲೀಸರು ಹೋಗಿ ಯಾಕೆ ಹಿಡಿಯಲ್ಲ?

ಉತ್ತರ: ಇಂಟರ್‌ಪೋಲ್ ಅಂದರೆ ಬೇರೆ ಬೇರೆ ದೇಶಗಳ ಪೊಲೀಸರು ಮಾಹಿತಿ ಹಂಚಿಕೊಳ್ಳಲು ಇರುವ ಸಂಸ್ಥೆ, ಅದಕ್ಕೆ ಯಾರನ್ನೂ ಬಂಧಿಸುವ ಅಧಿಕಾರವೇ ಇಲ್ಲ. ಅದರ ಮುಖ್ಯ ಕಚೇರಿ ಫ್ರಾನ್ಸಿನ ಲಿಯಾನ್‌ನಲ್ಲಿದೆ. ಸದಸ್ಯ ದೇಶಗಳು 196. ಪ್ರತಿ ದೇಶದಲ್ಲೂ ಅದರ ಕೆಲಸ ನೋಡಿಕೊಳ್ಳಲು ಒಂದು ಬ್ಯೂರೋ ಇರುತ್ತದೆ, ಅಲ್ಲಿರುವವರು ಆ ದೇಶದ ಅಧಿಕಾರಿಗಳೇ. ರೆಡ್ ನೋಟಿಸ್ ಅಂದರೆ ‘ಈತ ನಮಗೆ ಬೇಕು, ಸಿಕ್ಕರೆ ಹಿಡಿದಿಡಿ’ ಅಂತ ಒಂದು ದೇಶ ಉಳಿದವರಿಗೆ ಮಾಡುವ ಮನವಿ. ಹಿಡಿಯುವುದು ಬಿಡುವುದು ಆಯಾ ದೇಶದ ಕಾನೂನಿಗೆ ಬಿಟ್ಟಿದ್ದು. ಹಿಡಿದ ಮೇಲೂ ಕೋರ್ಟು, ಹಸ್ತಾಂತರ, ಮೇಲ್ಮನವಿ ಅಂತ ವರ್ಷಗಟ್ಟಲೆ ಎಳೆಯಬಹುದು.

ಹೀಗಿರುವುದೇ ಸರಿ ಅನ್ನುತ್ತೇನೆ ನಾನು. ತನಗಾಗದ ಪತ್ರಕರ್ತನ ಮೇಲೆ ಸರ್ಕಾರವೊಂದು ಕೇಸು ಜಡಿದು ನೋಟಿಸ್ ಕೇಳಿದರೆ ಏನು ಗತಿ? ಅಂಥ ಪ್ರಯತ್ನಗಳು ನಡೆದಿವೆ. ರಾಜಕೀಯ, ಸೇನೆ, ಧರ್ಮ, ಜನಾಂಗದ ವಿಷಯಕ್ಕೆ ಕೈಹಾಕಕೂಡದು ಅಂತ ಸಂಸ್ಥೆಯ ಸಂವಿಧಾನದ 3ನೇ ವಿಧಿ ಹೇಳುವುದು ಇದಕ್ಕೇ.

ಎಲ್ಲರ ಕಣ್ಣೂ ಕೆಂಪು ನೋಟಿಸಿನ ಮೇಲೇ ಇರುತ್ತದೆ. ನನಗೆ ಮಾತ್ರ ಅದಕ್ಕಿಂತ ದೊಡ್ಡದಾಗಿ ಕಾಣುವುದು ಹಳದಿ ಮತ್ತು ಕಪ್ಪು. ಹಳದಿ ಕಾಣೆಯಾದವರಿಗೆ, ಕಪ್ಪು ಗುರುತು ಸಿಗದ ಶವಗಳಿಗೆ. 1992ರಲ್ಲಿ ಬೆಲ್ಜಿಯಂನ ಆಂಟ್ವೆರ್ಪ್‌ನಲ್ಲಿ ಕೊಲೆಯಾದ ಹೆಂಗಸೊಬ್ಬಳ ಶವ ನದಿಯಲ್ಲಿ ಸಿಕ್ಕಿತ್ತು. ತೋಳ ಮೇಲೆ ಕಪ್ಪು ಗುಲಾಬಿಯ ಹಚ್ಚೆ. ಯಾರೆಂದು ಗೊತ್ತಾಗಲೇ ಇಲ್ಲ. 2023ರಲ್ಲಿ ಬೆಲ್ಜಿಯಂ, ನೆದರ್ಲೆಂಡ್ಸ್, ಜರ್ಮನಿ ಪೊಲೀಸರು ಇಂಟರ್‌ಪೋಲ್ ಜೊತೆ ಸೇರಿ ಇಂಥ 22 ಹೆಂಗಸರ ವಿವರವನ್ನು ಜನರ ಮುಂದಿಟ್ಟರು. ಬ್ರಿಟನ್ನಿನಲ್ಲಿದ್ದ ಮನೆಯವರು ಸುದ್ದಿಯಲ್ಲಿ ಆ ಹಚ್ಚೆ ನೋಡಿ ಗುರುತು ಹಿಡಿದರು. 31 ವರ್ಷ ಹೆಸರಿಲ್ಲದೆ ಇದ್ದವಳಿಗೆ ಹೆಸರು ಸಿಕ್ಕಿತು. ದೇಶಗಳು ಫೈಲು ಹಂಚಿಕೊಳ್ಳುವುದು ಯಾಕೆ ಬೇಕು ಅಂತ ಕೇಳುವವರಿಗೆ ನಾನು ಹೇಳುವುದು ಇದೊಂದನ್ನೇ.

ಪ್ರಶ್ನೆ: ಹಾಗಾದರೆ ಹೊರದೇಶದಲ್ಲಿ ನಮ್ಮವರು ಯಾರಾದರೂ ಕಾಣೆಯಾದರೆ ನಾವೇ ಇಂಟರ್‌ಪೋಲ್‌ಗೆ ಬರೆಯಬಹುದಾ?

ಉತ್ತರ: ಬರೆದು ಉಪಯೋಗವಿಲ್ಲ, ನೋಟಿಸ್ ಕೇಳಬೇಕಾದವರು ಪೊಲೀಸರು. ಸುಮ್ನೆ ಕಾಯಬೇಡಿ, ಮೊದಲು ಠಾಣೆಯಲ್ಲಿ ದೂರು ಕೊಡಿ. ಈಚಿನ ಫೋಟೋ, ಪಾಸ್‌ಪೋರ್ಟ್ ನಂಬರ್, ಹಲ್ಲಿನ ಎಕ್ಸ್‌ರೇ ಇದ್ದರೆ ಅದು, ಮಚ್ಚೆ, ಗಾಯದ ಗುರುತು, ಹಚ್ಚೆ ಎಲ್ಲ ಬರೆಸಿ. ವಿವರ ಜಾಸ್ತಿ ಇದ್ದಷ್ಟೂ ಒಳ್ಳೆಯದು. ಆಮೇಲೆ ನಿಮ್ಮ ದೇಶದ ಬ್ಯೂರೋಗೆ ಕಳಿಸಿದಿರಾ ಅಂತ ಬಾಯಿಬಿಟ್ಟು ಕೇಳಿ. ಕಳಿಸಿಲ್ಲ ಅಂದರೆ ಮತ್ತೆ ಹೋಗಿ ಕೇಳಿ.