ಐಇಎಲ್‌ಟಿಎಸ್ ಲಿಸನಿಂಗ್: ಹೊಸ ಪತ್ರಿಕೆ ಬೇಡ, ಉಕ್ತಲೇಖನ ಬರೆಯಿರಿ

ಇಂಗ್ಲಿಷ್ ಸಾಮರ್ಥ್ಯ ಅಳೆಯುವ ಐಇಎಲ್‌ಟಿಎಸ್‌ಗೆ ದಿನಕ್ಕೊಂದು ಪೂರ್ಣ ಅಣಕು ಪರೀಕ್ಷೆ ಬರೆದರೂ ಲಿಸನಿಂಗ್‌ನಲ್ಲಿ, ಅಂದರೆ ಕೇಳಿ ಉತ್ತರಿಸುವ ವಿಭಾಗದಲ್ಲಿ, ಬ್ಯಾಂಡ್ (ಪರೀಕ್ಷೆಯ ದರ್ಜೆ) ಆರರ ಮೇಲೆ ಏರುತ್ತಿಲ್ಲ, ಇನ್ನಷ್ಟು ಪತ್ರಿಕೆಗಳಿದ್ದರೆ ಕಳುಹಿಸಿ ಎಂದು ಕೇಳಿದ್ದೀರಿ. ದಯವಿಟ್ಟು ಯಾರೂ ಕಳುಹಿಸಬೇಡಿ! ನಾನೂ ಹೀಗೆಯೇ ಬರೆದು, ಅಂಕ ಎಣಿಸಿ, ಮುಚ್ಚಿಡುತ್ತಿದ್ದೆ. ಬ್ಯಾಂಡ್ ಕದಲಲಿಲ್ಲ.

ನನಗೆ ಫಲ ಕೊಟ್ಟಿದ್ದು ಉಕ್ತಲೇಖನ. ಈಗಾಗಲೇ ಬರೆದ ಪತ್ರಿಕೆಯ ನಾಲ್ಕನೆಯ ಭಾಗವನ್ನೇ ತೆಗೆದುಕೊಳ್ಳಿ, ಒಬ್ಬರೇ ಮಾತನಾಡುವ ಉಪನ್ಯಾಸವದು. ಪ್ರತಿ ವಾಕ್ಯಕ್ಕೂ ನಿಲ್ಲಿಸಿ, ಕೇಳಿದ್ದನ್ನು ಕೈಯಲ್ಲೇ ಬರೆಯಿರಿ. ಮೊಬೈಲ್‌ನಲ್ಲಿ ಟೈಪ್ ಮಾಡಬೇಡಿ, ಅದು ತಾನೇ ಕಾಗುಣಿತ ತಿದ್ದಿಬಿಡುತ್ತದೆ. ಮೂರು ಸಲ ಕೇಳಿದರೂ ಸಿಗದ ಪದಕ್ಕೆ ಜಾಗ ಬಿಟ್ಟು ಮುಂದೆ ಹೋಗಿ. ಕೊನೆಗೆ ಆ ಉಪನ್ಯಾಸದ ಮುದ್ರಿತ ಪಠ್ಯ ಇಟ್ಟುಕೊಂಡು ಕೆಂಪು ಶಾಯಿಯಲ್ಲಿ ತಿದ್ದಿ. ಬಹುವಚನದ ಕೊನೆಯ 'ಎಸ್' ಕಿವಿಗೆ ಬೀಳಲಿಲ್ಲವೇ? 'ತರ್ಟೀನ್' 'ತರ್ಟಿ' ಆಯಿತೇ? 'ಅಕಾಮಡೇಷನ್' ಪದದಲ್ಲಿ ಒಂದು 'ಎಮ್' ಬಿಟ್ಟುಹೋಯಿತೇ? ಮಾತನಾಡುವವರು ಮೊದಲು ಮಂಗಳವಾರ ಎಂದು, ಆಮೇಲೆ ಬುಧವಾರಕ್ಕೆ ಬದಲಿಸಿದಾಗ ನೀವು ಮಂಗಳವಾರದಲ್ಲೇ ಉಳಿದಿರೇ? ಇವು ಬೇರೆ ಬೇರೆ ದೋಷಗಳು, ಬರಿಯ ಅಂಕ ನೋಡಿದರೆ ಒಂದೂ ಕಾಣುವುದಿಲ್ಲ.

ಒಂದು ದಿನಕ್ಕೆ ಒಂದೇ ಭಾಗ ಸಾಕು, ಅದಕ್ಕಿಂತ ಹೆಚ್ಚಾದರೆ ಕಿವಿ ದಣಿದು ಊಹಿಸಲು ಶುರುಮಾಡುತ್ತದೆ. ಪರೀಕ್ಷೆಯಲ್ಲಿ ಧ್ವನಿ ಒಮ್ಮೆ ಮಾತ್ರ ಕೇಳಿಸುವುದರಿಂದ, ಕೊನೆಯ ವಾರಗಳಲ್ಲಿ ನಿಲ್ಲಿಸದೆ ಕೇಳುವ ಅಭ್ಯಾಸಕ್ಕೆ ಮರಳಲೇಬೇಕು. ಕಂಪ್ಯೂಟರ್ ಪರೀಕ್ಷೆ ಆರಿಸಿಕೊಂಡಿದ್ದರೆ ಕಾಗದದ ಪರೀಕ್ಷೆಯಲ್ಲಿ ಉತ್ತರ ವರ್ಗಾಯಿಸಲು ಕೊಡುವ 10 ನಿಮಿಷ ನಿಮಗಿಲ್ಲ. ಪರಿಶೀಲನೆಗೆ 2 ನಿಮಿಷ ಅಷ್ಟೇ. ತಪ್ಪು ಉತ್ತರಕ್ಕೆ ಅಂಕ ಕಡಿತವಿಲ್ಲ, ಆದ್ದರಿಂದ ಯಾವ ಪ್ರಶ್ನೆಯನ್ನೂ ಖಾಲಿ ಬಿಡಬೇಡಿ.

ಪತ್ರಿಕೆಗಳ ವಿಷಯದಲ್ಲಿ ನಾನು ಹಟಮಾರಿ. ಈ ಪರೀಕ್ಷೆಯ ಹಿಂದಿರುವ ಸಂಸ್ಥೆಗಳಾದ ಬ್ರಿಟಿಷ್ ಕೌನ್ಸಿಲ್, ಐಡಿಪಿ, ಕೇಂಬ್ರಿಡ್ಜ್‌ಗಳ ಅಧಿಕೃತ ಮಾದರಿಗಳನ್ನು ಬಿಟ್ಟು ಬೇರೆಯದನ್ನು ಮುಟ್ಟಬೇಡಿ. ಎಲ್ಲಿಂದಲೋ ಹರಿದುಬರುವ ಪಿಡಿಎಫ್‌ಗಳಲ್ಲಿ ಉತ್ತರಗಳೇ ತಪ್ಪಿರುತ್ತವೆ, ಅದರಲ್ಲೂ ರೀಡಿಂಗ್‌ನ 'ನಾಟ್ ಗಿವನ್' ಪ್ರಶ್ನೆಗಳಲ್ಲಿ. ಪ್ರಶ್ನೆಯಲ್ಲಿರುವ ಹೇಳಿಕೆಗೆ ಪಠ್ಯ ವಿರುದ್ಧವಾಗಿ ಹೇಳಿದರೆ 'ಫಾಲ್ಸ್', ಏನೂ ಹೇಳದಿದ್ದರೆ 'ನಾಟ್ ಗಿವನ್'. ನಿಮ್ಮ ಸಾಮಾನ್ಯ ಜ್ಞಾನಕ್ಕೆ ಅಲ್ಲಿ ಕೆಲಸವಿಲ್ಲ.

ರೈಟಿಂಗ್‌ಗೆ ಸಿದ್ಧ ವಾಕ್ಯಗಳನ್ನು ಬಾಯಿಪಾಠ ಮಾಡುತ್ತಿದ್ದೇನೆ ಎಂದೂ ಬರೆದಿದ್ದೀರಿ. ಅದನ್ನು ಇಂದೇ ನಿಲ್ಲಿಸಿ. ಪರೀಕ್ಷಕರು ಅವನ್ನು ಸುಲಭವಾಗಿ ಗುರುತಿಸುತ್ತಾರೆ. ಎರಡನೆಯ ಟಾಸ್ಕ್‌ಗೆ, ಅಂದರೆ ಪ್ರಬಂಧಕ್ಕೆ, ಮೊದಲನೆಯದರ ಎರಡರಷ್ಟು ತೂಕವಿದೆ. ಒಟ್ಟು 60 ನಿಮಿಷದಲ್ಲಿ 40 ನಿಮಿಷ ಅದಕ್ಕೇ ಮೀಸಲಿಡಿ. 250 ಪದ ಕನಿಷ್ಠ ಮಿತಿ, ಆದರೆ 400ಕ್ಕೆ ಎಳೆದರೆ ತಪ್ಪುಗಳೂ ಬೆಳೆಯುತ್ತವೆ. ಮೊದಲ 5 ನಿಮಿಷ ಬರೆಯದೆ ಯೋಚಿಸಿ.

ಸ್ಪೀಕಿಂಗ್‌ಗೆ ಜೊತೆಗಾರರಿಲ್ಲ ಎಂಬ ಚಿಂತೆ ಬೇಡ. ಆ ಪರೀಕ್ಷೆಯ ಎರಡನೆಯ ಭಾಗದಂತೆ ಒಂದು ವಿಷಯದ ಮೇಲೆ 1 ನಿಮಿಷ ಟಿಪ್ಪಣಿ ಮಾಡಿ, 2 ನಿಮಿಷ ಮಾತನಾಡಿ, ಧ್ವನಿಮುದ್ರಿಸಿಕೊಂಡು ಅದನ್ನೂ ಉಕ್ತಲೇಖನದಂತೆ ಬರೆದು ತಿದ್ದಿ. ಮೊದಲ ಕೆಂಪು ತಿದ್ದುಪಡಿಯ ಹಾಳೆಯನ್ನು ಇಲ್ಲಿ ಹಾಕಿ, ನೋಡುತ್ತೇನೆ.