30 ಸಿಸಿ ಪೆಟ್ರೋಲ್ ಎಂಜಿನ್ನಿಗೆ 18×10 ಪ್ರೊಪೆಲ್ಲರ್ ಭಾರವಾಯಿತೇ?

ನಿಮ್ಮ ಪ್ರಶ್ನೆಯನ್ನು ನಾನು ಅರ್ಥಮಾಡಿಕೊಂಡಿರುವುದು ಹೀಗೆ: ರೆಕ್ಕೆ ಮೇಲ್ಭಾಗದಲ್ಲಿರುವ, ಏಳೂವರೆ ಕಿಲೋ ತೂಗುವ ರೇಡಿಯೊ ನಿಯಂತ್ರಿತ ವಿಮಾನಕ್ಕೆ 30 ಸಿಸಿ ಪೆಟ್ರೋಲ್ ಎಂಜಿನ್ ಕೂರಿಸಿದ್ದೀರಿ. ಎಂಜಿನ್ನಿನ ಜೊತೆ ಬಂದ ಪಟ್ಟಿಯಲ್ಲಿ 18×8, 18×10, 19×8 ಮೂರೂ ಇದ್ದವು. ವೇಗ ಹೆಚ್ಚು ಸಿಗಲೆಂದು 18×10 ಆರಿಸಿಕೊಂಡಿರಿ. ಈಗ ವಿಮಾನ ನೆಲ ಬಿಡಲು ತುಂಬ ದೂರ ಓಡುತ್ತದೆ, ಎಂಜಿನ್ ಬಿಸಿಯೇರುತ್ತದೆ, ನಿಂತಲ್ಲಿ ಪೂರ್ಣ ಥ್ರಾಟಲ್ ಕೊಟ್ಟರೂ 6300 ಆರ್‌ಪಿಎಂ (ನಿಮಿಷಕ್ಕೆ ಸುತ್ತುಗಳು) ದಾಟುವುದಿಲ್ಲ. 19×8ಕ್ಕೆ ಬದಲಾಯಿಸಲೇ ಎಂದು ಕೇಳಿದ್ದೀರಿ. ಸದ್ಯಕ್ಕೆ ಬೇಡ, ಮೊದಲು 18×8 ಹಾಕಿ ನೋಡಿ ಎಂಬುದು ನನ್ನ ಉತ್ತರ.

ಕಾರಣ ಒಂದು ಚಿಕ್ಕ ಲೆಕ್ಕದಲ್ಲಿದೆ. ಮೊದಲ ಅಂಕಿ ಇಂಚಿನಲ್ಲಿ ವ್ಯಾಸ. ಎರಡನೆಯದು ಪಿಚ್, ಅಂದರೆ ಜಾರದೆ ಕೊರೆದುಕೊಂಡು ಹೋದರೆ ಪ್ರೊಪೆಲ್ಲರ್ ಒಂದು ಸುತ್ತಿಗೆ ಮುಂದೆ ಸಾಗಬೇಕಾದ ದೂರ. ಒಂದೇ ಆರ್‌ಪಿಎಂನಲ್ಲಿ ಎಂಜಿನ್ನಿನ ಮೇಲೆ ಬೀಳುವ ಹೊರೆ ಸ್ಥೂಲವಾಗಿ ವ್ಯಾಸದ ನಾಲ್ಕನೇ ಘಾತಕ್ಕೂ ಪಿಚ್‌ಗೂ ಅನುಪಾತದಲ್ಲಿರುತ್ತದೆ. 18×8ರಿಂದ 18×10ಕ್ಕೆ ಹೋದರೆ ಹೊರೆ ಶೇಕಡ 25ರಷ್ಟು ಏರುತ್ತದೆ. 18×8ರಿಂದ 19×8ಕ್ಕೆ ಹೋದರೂ ಶೇಕಡ 24ರಷ್ಟು ಏರುತ್ತದೆ. ಈ ಗಾತ್ರದಲ್ಲಿ ಒಂದಿಂಚು ವ್ಯಾಸವೂ ಎರಡಿಂಚು ಪಿಚ್ಚೂ ಎಂಜಿನ್ನಿಗೆ ಹೆಚ್ಚುಕಡಿಮೆ ಒಂದೇ ಭಾರ. ಆದ್ದರಿಂದ 19×8 ಹಾಕಿದರೆ ಎಳೆತ ಸ್ವಲ್ಪ ಸುಧಾರಿಸಬಹುದೇ ಹೊರತು, ಈಗಾಗಲೇ ಏದುಸಿರು ಬಿಡುತ್ತಿರುವ ಎಂಜಿನ್ನಿನ ಹೆಗಲಿನ ಭಾರ ಇಳಿಯುವುದಿಲ್ಲ. 18×8ರಲ್ಲಿ ನಿಮ್ಮ 6300 ಸುಮಾರು 6800ರಿಂದ 7000ಕ್ಕೆ ಏರಬೇಕು.

ವೇಗ ಕಳೆದುಹೋಗುತ್ತದೆಂಬ ಭಯ ಬೇಡ. ಆರ್‌ಪಿಎಂ ಅನ್ನು ಪಿಚ್‌ನಿಂದ ಗುಣಿಸಿ, ಅದನ್ನು 0.0015ರಿಂದ ಗುಣಿಸಿದರೆ ಗಂಟೆಗೆ ಎಷ್ಟು ಕಿಲೋಮೀಟರ್ ಎಂಬ ಪಿಚ್ ವೇಗ ಸಿಗುತ್ತದೆ. 18×10 ನಿಮಗೆ ಕಾಗದದ ಮೇಲೆ 95 ಕೊಡುತ್ತಿದೆ, 18×8 ಸುಮಾರು 83 ಕೊಡುತ್ತದೆ. ಹಾರುವಾಗ ಹೊರೆ ಹಗುರಾಗಿ ಆರ್‌ಪಿಎಂ ಏರುವುದರಿಂದ ಎರಡೂ ಇನ್ನಷ್ಟು ಮೇಲೆ ಹೋಗುತ್ತವೆ. ಆದರೆ ದಪ್ಪ ರೆಕ್ಕೆ, ಆಸರೆ ಕಂಬಿ, ದೊಡ್ಡ ಚಕ್ರಗಳಿರುವ ವಿಮಾನವನ್ನು ಗಾಳಿಯೇ ಹಿಂದಕ್ಕೆ ಹಿಡಿಯುತ್ತದೆ. ಅದು ಎಂದೂ ಮುಟ್ಟದ ವೇಗಕ್ಕಾಗಿ ಪಿಚ್ ಕೊಂಡುಕೊಂಡು, ಪ್ರತಿ ಹಾರಾಟದಲ್ಲೂ ಬೇಕಾಗುವ ಎಳೆತವನ್ನು ಬಿಟ್ಟುಕೊಟ್ಟಂತಾಗುತ್ತದೆ. ಸ್ಟಾಲ್ ವೇಗದ, ಅಂದರೆ ಅದಕ್ಕಿಂತ ನಿಧಾನವಾದರೆ ರೆಕ್ಕೆ ವಿಮಾನವನ್ನು ಹೊರಲಾರದ ವೇಗದ, ಎರಡೂವರೆಯಿಂದ ಮೂರು ಪಟ್ಟು ಪಿಚ್ ವೇಗವಿದ್ದರೆ ಸಾಕೆಂಬ ಹಳೆಯ ಕೈಲೆಕ್ಕ ಇಂಥ ವಿಮಾನಗಳಿಗೆ ಚೆನ್ನಾಗಿ ಹೊಂದುತ್ತದೆ.

ನಾನೂ ಇದೇ ತಪ್ಪು ಮಾಡಿದವನು. ತಂತಿಗಳಿಂದ ಬಿಗಿದ ಬೈಪ್ಲೇನ್ ಒಂದಕ್ಕೆ 20 ಸಿಸಿ ಎಂಜಿನ್ ಹಾಕಿ, 16×10 ಪ್ರೊಪೆಲ್ಲರ್ ತಿರುಗಿಸುತ್ತಿದ್ದೆ. ಇಳಿಯುವಾಗ ದಾರಿ ತಪ್ಪಿ ಮತ್ತೊಂದು ಸುತ್ತು ಹೋಗೋಣವೆಂದು ಥ್ರಾಟಲ್ ತೆರೆದರೆ ಎಂಜಿನ್ ಗೊಗ್ಗರು ದನಿಯಲ್ಲಿ ಗೊಣಗಿತು, ಮೂತಿ ಮೇಲಿದ್ದ ವಿಮಾನ ಅಲ್ಲೇ ತೂಗಾಡಿ ಹುಲ್ಲಿನ ಮೇಲೆ ಕುಸಿಯಿತು. ಲ್ಯಾಂಡಿಂಗ್ ಗೇರ್ ರಿಪೇರಿಯಾದ ಮೇಲೆ 17×6 ಹಾಕಿದೆ. ಅದೇ ಎಂಜಿನ್, ಅದೇ ಪೆಟ್ರೋಲ್. ಆದರೆ ಥ್ರಾಟಲ್ ತೆರೆದ ಕೂಡಲೇ ವಿಮಾನ ಮುಂದಕ್ಕೆ ಹಾರತೊಡಗಿತು, ಗರಿಷ್ಠ ವೇಗ ಇಳಿದದ್ದು ಕಣ್ಣಿಗೆ ಕಾಣಲೂ ಇಲ್ಲ. ಇಳಿಯುವಾಗ ಥ್ರಾಟಲ್ ಮುಚ್ಚಿದರೆ ಅಗಲವಾದ, ಕಡಿಮೆ ಪಿಚ್‌ನ ಆ ಪ್ರೊಪೆಲ್ಲರ್ ಬ್ರೇಕಿನಂತೆ ಹಿಡಿಯುತ್ತಿದ್ದುದು ನಾನು ನಿರೀಕ್ಷಿಸದೆ ಸಿಕ್ಕ ಲಾಭ.

ಆರ್‌ಪಿಎಂ ಅಳೆಯುವ ಟ್ಯಾಕೋಮೀಟರ್ ಈಗಾಗಲೇ ನಿಮ್ಮ ಬಳಿ ಇರುವುದು ಒಳ್ಳೆಯದು, ಏಕೆಂದರೆ ಅಲಗಿನ ಮೇಲೆ ಅಚ್ಚಾದ ಅಂಕಿಗಿಂತ ಅದನ್ನೇ ಹೆಚ್ಚು ನಂಬಬೇಕು. ಪಿಚ್ ಅಳೆಯುವ ರೀತಿಯೂ ಅಲಗಿನ ಆಕಾರವೂ ತಯಾರಕರಿಂದ ತಯಾರಕರಿಗೆ ಬೇರೆಯಾಗುವುದರಿಂದ, ಒಂದೇ 18×8 ಎಂದು ಬರೆದ ಎರಡು ಪ್ರೊಪೆಲ್ಲರ್‌ಗಳು ಒಂದೇ ಎಂಜಿನ್ನಿನಲ್ಲಿ ಬೇರೆ ಬೇರೆ ಆರ್‌ಪಿಎಂ ಕೊಡುತ್ತವೆ. ಅಳೆಯುವಾಗ ಉಪಕರಣದಲ್ಲಿ ಅಲಗುಗಳ ಸಂಖ್ಯೆಯನ್ನು ಎರಡಕ್ಕೆ ಹೊಂದಿಸಿ, ಹಗಲ ಬೆಳಕಿನಲ್ಲಿ, ಪ್ರೊಪೆಲ್ಲರಿನ ಹಿಂದೆ ನಿಂತು ಅಳೆಯಿರಿ. ಅದು ಸುತ್ತುವ ಸಮತಲದಲ್ಲಿ ನೀವಾಗಲಿ ಬೇರೆಯವರಾಗಲಿ ನಿಲ್ಲಕೂಡದು. ಶೆಡ್ಡಿನೊಳಗೆ ಹಳೆಯ ಟ್ಯೂಬ್‌ಲೈಟಿನ ಕೆಳಗೆ ಉಪಕರಣ ಹಿಡಿದರೆ, 50 ಹರ್ಟ್ಸ್ ವಿದ್ಯುತ್ತಿನಲ್ಲಿ ದೀಪ ಸೆಕೆಂಡಿಗೆ 100 ಸಲ ಮಿನುಗುವುದರಿಂದ, ಎಂಜಿನ್ ನಿಂತಿದ್ದರೂ ಠೀವಿಯಿಂದ 3000 ಎಂದು ತೋರಿಸುತ್ತದೆ.

18×8ರಲ್ಲಿ 7000ದ ಆಸುಪಾಸು ಬಂದರೆ ಅಲ್ಲಿಗೇ ನಿಲ್ಲಿಸಿ. 7400 ದಾಟಿ ಎಂಜಿನ್ ಸಲೀಸಾಗಿ ಕೂಗುತ್ತಿದ್ದರೆ ಮಾತ್ರ 19×8 ಯೋಚಿಸಿ. 7000ದಲ್ಲೇ 18 ಇಂಚಿನ ಅಲಗಿನ ತುದಿ ಸೆಕೆಂಡಿಗೆ ಸುಮಾರು 168 ಮೀಟರ್ ವೇಗದಲ್ಲಿ ಸಾಗುತ್ತಿರುತ್ತದೆ. ತುದಿಯ ವೇಗ ಏರಿದಂತೆ ಕಿರುಚಾಟ ಬಹಳ ಬೇಗ ಏರುವುದರಿಂದ, ಗದ್ದಲ ತಗ್ಗಿಸಬೇಕಾದಾಗ ವ್ಯಾಸ ಹೆಚ್ಚಿಸಿ ಆರ್‌ಪಿಎಂ ಇಳಿಸುವುದೂ ಒಂದು ದಾರಿ. ನೆಲಕ್ಕೂ ತುದಿಗೂ ನಡುವೆ ಜಾಗ ಸಾಲದಿದ್ದರೆ ಮೂರು ಅಲಗಿನದ್ದನ್ನು ಒಂದಿಂಚು ಚಿಕ್ಕದಾಗಿ ಹಾಕಬಹುದು. ನೋಡಲು ಚೆಂದ, ದನಿಯೂ ಮೃದು. ಆದರೆ ಬೆಲೆ ಹೆಚ್ಚು, ದಕ್ಷತೆ ತುಸು ಕಡಿಮೆ.

ವಸ್ತುವಿನ ವಿಷಯದಲ್ಲಿ, ಪ್ರಯೋಗ ಮುಗಿಯುವವರೆಗೆ ಮರದ್ದನ್ನೇ ಬಳಸಿ. ಅದು ಹಗುರ, ಅಗ್ಗ. ಮೂತಿ ನೆಲಕ್ಕೆ ತಾಗಿದರೆ ತಾನು ಮುರಿದು ಕ್ರ್ಯಾಂಕ್‌ಶಾಫ್ಟನ್ನು ಉಳಿಸುವ ಸಂಭವ ಹೆಚ್ಚು. ವಿದ್ಯುತ್ ಮೋಟಾರಿಗೆಂದು ಮಾಡಿದ ತೆಳು ಅಲಗನ್ನು ಪೆಟ್ರೋಲ್ ಎಂಜಿನ್ನಿಗೆ ಎಂದಿಗೂ ಕಟ್ಟಬೇಡಿ. ಪ್ರತಿ ಸ್ಫೋಟದಲ್ಲೂ ಬೀಳುವ ಹೊಡೆತಕ್ಕೆ ಅದನ್ನು ರೂಪಿಸಿರುವುದಿಲ್ಲ. ಹಬ್ಬಿನ (ಪ್ರೊಪೆಲ್ಲರಿನ ನಡುಭಾಗದ) ಬೋಲ್ಟ್ ತೂತುಗಳನ್ನು ಕಣ್ಣಂದಾಜಿನಲ್ಲಿ ಕೊರೆಯದೆ ಡ್ರಿಲ್ ಗೈಡ್ ಬಳಸಿ, ಆಮೇಲೆ ಬ್ಯಾಲೆನ್ಸರಿನ ಮೇಲಿಟ್ಟು ಸಮತೂಗಿಸಿ. ಹಗುರಾದ ಅಲಗಿಗೆ ವಾರ್ನಿಷ್ ಬಳಿಯುವುದು ಭಾರವಾದದ್ದನ್ನು ಉಜ್ಜುವುದಕ್ಕಿಂತ ನನಗೆ ಇಷ್ಟ, ಏಕೆಂದರೆ ಬಳಿದದ್ದು ಹೆಚ್ಚಾದರೆ ಒರೆಸಬಹುದು.

ಮರ ಬೋಲ್ಟಿನ ಒತ್ತಡಕ್ಕೆ ಅಮುಕುತ್ತದೆ, ಹವೆ ಒಣಗಿದಾಗ ಕುಗ್ಗುತ್ತದೆ. ಒಮ್ಮೆ ನಾಲ್ಕೈದು ಹಾರಾಟಗಳ ಬಳಿಕ ಕೀಲಿ ಹಾಕಿದರೆ ಪ್ರತಿ ಬೋಲ್ಟೂ ಕಾಲು ಸುತ್ತು ತಿರುಗಿತು. ಬಿಚ್ಚಿ ನೋಡಿದರೆ ಹಬ್ಬಿನ ಹಿಂಬದಿಯಲ್ಲಿ ಕಾಡಿಗೆ ಬಳಿದಂತೆ ಸುಟ್ಟ ಕಪ್ಪು ಬಳೆ. ಪ್ರೊಪೆಲ್ಲರ್ ಸೂಕ್ಷ್ಮವಾಗಿ ಜಾರಿ ಉಜ್ಜಿಕೊಂಡದ್ದರ ಗುರುತು ಅದು. ಅದನ್ನು ಅಂದೇ ಗರಗಸದಿಂದ ಎರಡು ತುಂಡು ಮಾಡಿದೆ, ಮತ್ತೆ ಯಾರೂ ಬಳಸದಿರಲೆಂದು. ನೀವು ಮೊದಲ ಹಾರಾಟದ ನಂತರ ಒಮ್ಮೆ, ಆಮೇಲೆ ಪ್ರತಿ ಹಾರಾಟದ ದಿನದ ಆರಂಭದಲ್ಲಿ ಬೋಲ್ಟುಗಳನ್ನು ಅಡ್ಡಡ್ಡವಾಗಿ, ಎದುರುಬದುರಿನ ಜೋಡಿಯಾಗಿ ಬಿಗಿಮಾಡಿ.

ಪ್ರೊಪೆಲ್ಲರ್ ಬದಲಾಯಿಸಿದ ಮೇಲೆ ಕಾರ್ಬ್ಯುರೇಟರಿನ ಹೈ ಸೂಜಿಯನ್ನು (ಹೆಚ್ಚಿನ ಆರ್‌ಪಿಎಂನಲ್ಲಿ ಪೆಟ್ರೋಲ್ ಎಷ್ಟು ಹರಿಯಬೇಕೆಂದು ಹೊಂದಿಸುವ ತಿರುಪನ್ನು) ಹಳೆಯ ಸ್ಥಾನದಲ್ಲೇ ಬಿಡಬೇಡಿ. ಮೊದಲು ತುಸು ತೆರೆದು ಮಿಶ್ರಣವನ್ನು ಗಾಢಮಾಡಿ, ಗರಿಷ್ಠ ಆರ್‌ಪಿಎಂ ಸಿಗುವವರೆಗೆ ನಿಧಾನವಾಗಿ ಮುಚ್ಚುತ್ತ ಬಂದು, ಅಲ್ಲಿಂದ ನೂರಿನ್ನೂರು ಆರ್‌ಪಿಎಂ ಇಳಿಯುವಷ್ಟು ಹಿಂದಕ್ಕೆ ತೆರೆಯಿರಿ. ನಿಮ್ಮ ಎಂಜಿನ್ ಬಿಸಿಯೇರುತ್ತಿರುವುದರಲ್ಲಿ ಪ್ರೊಪೆಲ್ಲರಿನ ಪಾಲೆಷ್ಟು, ತೆಳುವಾದ ಮಿಶ್ರಣದ ಪಾಲೆಷ್ಟು ಎಂಬುದು ಆಗ ಬೇರೆ ಬೇರೆಯಾಗಿ ತಿಳಿಯುತ್ತದೆ.