ಕೋಡು ಚಿಕ್ಕದು, ಫೈಲು ಯಾಕೆ ದಪ್ಪ?

ಪ್ರಶ್ನೆ: ಮಾವನ ಕಿರಾಣಿ ಅಂಗಡಿಗೆ ಸಿ ಪ್ಲಸ್ ಪ್ಲಸ್‌ನಲ್ಲಿ ಬಿಲ್ಲಿಂಗ್ ಪ್ರೋಗ್ರಾಂ ಬರೆದಿದ್ದೇನೆ. ಕೋಡು 400 ಸಾಲು ಅಷ್ಟೇ. ವಿಂಡೋಸ್‌ನಲ್ಲಿ ಜಿಸಿಸಿ ಕಂಪೈಲರ್ (ಕೋಡನ್ನು ಓಡುವ ಫೈಲಾಗಿ ಮಾಡುವ ಪ್ರೋಗ್ರಾಂ) ಬಳಸಿ, ‘ಸ್ಟ್ಯಾಟಿಕ್’ ಆಯ್ಕೆ ಕೊಟ್ಟು ಕಂಪೈಲ್ ಮಾಡಿದರೆ ಫೈಲು 2 ಎಂಬಿಗಿಂತ ಜಾಸ್ತಿ! ಇಳಿಸುವುದು ಹೇಗೆ ಸಾರ್?
– ಓದುಗ, ಮಂಡಿಪೇಟೆ, ದಾವಣಗೆರೆ

ಉತ್ತರ: ಮೊದಲು, ಫೈಲಿನಿಂದ ಬೇಡದ ಮಾಹಿತಿ ಕಿತ್ತುಹಾಕುವ ‘ಸ್ಟ್ರಿಪ್’ ಟೂಲ್ ಓಡಿಸಿ. ಫಂಕ್ಷನ್ ಹೆಸರುಗಳ ಪಟ್ಟಿ, ಡೀಬಗ್ (ತಪ್ಪು ಹುಡುಕುವ) ಮಾಹಿತಿ ಎಲ್ಲ ಫೈಲಿನಲ್ಲೇ ಕೂತಿರುತ್ತದೆ. ಮನೆ ಕಟ್ಟಿ ಮುಗಿದರೂ ಸಾರ್ವೆ ಬಿಚ್ಚದೆ ಬಿಟ್ಟ ಹಾಗೆ. ಪ್ರೋಗ್ರಾಂ ಓಡಲು ಅದು ಬೇಡ. ಆದರೆ ಸ್ಟ್ರಿಪ್ ಮಾಡದ ಪ್ರತಿ ಒಂದನ್ನು ನಿಮ್ಮ ಹತ್ತಿರ ಇಟ್ಟುಕೊಳ್ಳಿ, ನಾಳೆ ಪ್ರೋಗ್ರಾಂ ಕ್ರ್ಯಾಶ್ ಆದರೆ ಅದೇ ಗತಿ.

ಉಳಿದ ತೂಕ ‘ಸ್ಟ್ಯಾಟಿಕ್’ನದು. ಲೈಬ್ರರಿಯ, ಅಂದರೆ ಮೊದಲೇ ಬರೆದಿಟ್ಟ, ಕೋಡು ಫೈಲಿನೊಳಗೇ ಬಂದು ಸೇರುತ್ತದೆ. ಓದಲು-ಬರೆಯಲು ಬಳಸುವ ‘ಐಓಸ್ಟ್ರೀಮ್’ ಒಂದನ್ನು ಕರೆದರೆ ಸಾಕು, ಭಾಷೆ, ದಿನಾಂಕ, ಹಣದ ನಮೂನೆ ನೋಡಿಕೊಳ್ಳುವ ಕೋಡೂ ಹಿಂದೆಯೇ ಬರುತ್ತದೆ. ಅದರ ಬದಲು ಸಿ ಭಾಷೆಯ ‘ಪ್ರಿಂಟ್ಎಫ್’ ಬಳಸಿ ನೋಡಿ, ವ್ಯತ್ಯಾಸ ಕಾಣುತ್ತದೆ. ಸ್ಟ್ಯಾಟಿಕ್ ತೆಗೆದರೂ ಫೈಲು ಇಳಿಯುತ್ತದೆ, ಆದರೆ ಲೈಬ್ರರಿಯ ಕೋಡಿರುವ ಬೇರೆ ಫೈಲುಗಳಾದ ಡಿಎಲ್‌ಎಲ್‌ಗಳನ್ನು ಜೊತೆಗೇ ಕೊಡಬೇಕು. ಒಂದು ಮರೆತರೂ ಪ್ರೋಗ್ರಾಂ ಏಳುವುದಿಲ್ಲ, ಸಂತೆ ದಿನ ಮಾವ ನಿಮಗೇ ಫೋನ್ ಮಾಡುತ್ತಾರೆ. ನಾನಾಗಿದ್ದರೆ ಸ್ಟ್ಯಾಟಿಕ್ಕನ್ನೇ ಇಟ್ಟುಕೊಳ್ಳುತ್ತಿದ್ದೆ.

ಕಂಪೈಲ್ ಮಾಡುವಾಗ ‘ಮೈನಸ್ ಓ ಎಸ್’ ಆಯ್ಕೆ ಕೊಟ್ಟರೆ ಕಂಪೈಲರ್ ವೇಗಕ್ಕಿಂತ ಗಾತ್ರಕ್ಕೆ ಗಮನ ಕೊಡುತ್ತದೆ. ಕೊಡಿ, ನಷ್ಟವಿಲ್ಲ. ಯುಪಿಎಕ್ಸ್ ಎಂಬ ಟೂಲ್ ಫೈಲನ್ನು ಒತ್ತಿ ಚಿಕ್ಕದು ಮಾಡುತ್ತದೆ ನಿಜ. ಓಡುವಾಗ ಮೆಮೊರಿಯಲ್ಲಿ ಮತ್ತೆ ಬಿಚ್ಚಿಕೊಳ್ಳುತ್ತದೆ. ಅಂಥ ಫೈಲನ್ನು ಕೆಲವು ಆಂಟಿವೈರಸ್‌ಗಳು ಸುಮ್ನೆ ವೈರಸ್ ಎಂದು ಹಿಡಿಯುವುದೂ ಉಂಟು. ಅಂಗಡಿಯ ಕಂಪ್ಯೂಟರಿಗೆ ಆ ತಲೆನೋವು ಬೇಡ.